ಅವ್ವ ನಿಂತದ್ದು ನಾಲ್ಕು ಸ್ಟೂಲುಗಳ ಮುಂದೆ

ಎಲ್ಲರಿಗೂ ಶರಣು. ವಾಷಿಂಗ್ಟನ್‌ಗೆ ಹೋದಾಗ ಮಕ್ಕಳಿಗೆ ಅಮೆರಿಕದ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯ ತೋರಿಸಬೇಕೇ, ಅವರಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ, ಪ್ರವೇಶಕ್ಕೆ ಹಣವೂ ಇಲ್ಲ. ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಇದು ನನ್ನ ಕಳಕಳಿಯ ಮಾತು.

ನಾವು ಹೋದಾಗ ಬಸವಕಲ್ಯಾಣದಿಂದ ಬಂದಿದ್ದ ಅವ್ವ ಜೊತೆಗಿದ್ದರು. 1814ರ ಯುದ್ಧದ ದೊಡ್ಡ ಧ್ವಜವನ್ನು ಮಂದ ಬೆಳಕಿನಲ್ಲಿ ನೋಡಿದೆವು. ಮಕ್ಕಳು ಅದರ ಹದಿನೈದು ಪಟ್ಟಿಗಳನ್ನು ಎಣಿಸಿ ಮುಂದೆ ಓಡಿದರು. ಅವ್ವ ನಿಂತದ್ದು ಹಳೆಯ ಉಪಾಹಾರದ ಕಟ್ಟೆ ಮತ್ತು ನಾಲ್ಕು ಸ್ಟೂಲುಗಳ ಮುಂದೆ. "ಇದನ್ನು ಏಕೆ ಇಟ್ಟಿದ್ದಾರೆ?" ಎಂದರು.

ಹೇಳಿದೆ. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ವೂಲ್‌ವರ್ತ್ ಅಂಗಡಿಯಲ್ಲಿದ್ದ ಕಟ್ಟೆ ಇದು. ಕಪ್ಪು ಜನರು ಅಲ್ಲಿ ಸಾಮಾನು ಕೊಳ್ಳಬಹುದಿತ್ತು, ಆದರೆ ಕುಳಿತು ತಿನ್ನುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಂದು ಕುಳಿತರು. ಕೇಳಿದ್ದನ್ನು ಕೊಡಲಿಲ್ಲ, ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಜುಲೈ 25ರಂದು ಕಟ್ಟೆ ಎಲ್ಲರಿಗೂ ತೆರೆಯಿತು. ಅಂದು ಮೊದಲು ಕುಳಿತು ಉಂಡ ಕಪ್ಪು ಜನರು ಅದೇ ಅಂಗಡಿಯ ಕೆಲಸಗಾರರು; ಅಷ್ಟು ವರ್ಷ ಇತರರಿಗೆ ಬಡಿಸಿದವರು.

ಅವ್ವ ಮೊಮ್ಮಗಳ ಕೈ ಹಿಡಿದು ಅಲ್ಲಿಯೇ ಹರಳಯ್ಯನ ಕಥೆ ಆರಂಭಿಸಿದರು. ಚಪ್ಪಲಿ ಹೊಲಿಯುವ ಹರಳಯ್ಯ ಬಸವಣ್ಣನಿಗೆ ಶರಣು ಎಂದದ್ದು, ಬಸವಣ್ಣ ಶರಣು ಶರಣಾರ್ಥಿ ಎಂದು ಮರಳಿ ನಮಿಸಿದ್ದು. ಆ ಒಂದು ಹೆಚ್ಚಿನ ಶರಣಿನ ಭಾರ ತಾಳದೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ್ದು, ಬಸವಣ್ಣ ಅವನ್ನು ತಲೆಯ ಮೇಲೆ ಹೊತ್ತದ್ದು. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ ಬಿಜ್ಜಳನ ಕಲ್ಯಾಣ ಕದಡಿದ್ದು. ಹತ್ತು ವರ್ಷದ ನನ್ನ ಮಗಳು ಸ್ಟೂಲುಗಳತ್ತ ನೋಡುತ್ತಾ ಕೇಳಿದಳು: "ಆಯಿ, ಅವರನ್ನೂ ಜೊತೆಗೆ ಕೂಡಿಸಲಿಲ್ಲವೇ?"

ಕನ್ನಡ ಕಲಿಸಲು ನಾನು ತಂದ ಪುಸ್ತಕಗಳಿಂದ ಆಗದ ಕೆಲಸ ಆ ಅರ್ಧ ಗಂಟೆಯಲ್ಲಿ ಆಯಿತು. ಉಳಿದ ಮಹಡಿಗಳನ್ನು ನಾವು ನೋಡಲೇ ಇಲ್ಲ. ನೋಡಬೇಕಾಗಿಯೂ ಇರಲಿಲ್ಲ.

ರಜೆಯಲ್ಲಿ ಬೀದರ್ ಜಿಲ್ಲೆಗೆ ಹೋದಾಗ ಬಸವಕಲ್ಯಾಣದ ಹರಳಯ್ಯನ ಗವಿಗೆ ಹೋಗೋಣವೆಂದು ಹಟ ಹಿಡಿದವಳು ಅವಳೇ. ಗವಿಯ ಬಾಗಿಲಲ್ಲಿ ಅಣ್ಣನ ಮಕ್ಕಳಿಗೆ ಗ್ರೀನ್ಸ್‌ಬರೋದ ಕಥೆ ಹೇಳತೊಡಗಿದಳು. ನಡುವೆ ಮಾತು ಸಿಗದೆ, "ಆಯಿ, ಎಲ್ಲರೂ ಸಾಲಾಗಿ ಕುಳಿತು ಉಣ್ಣುವುದಕ್ಕೆ ಏನೆನ್ನುತ್ತಾರೆ?" ಎಂದಳು.

"ಪಂಕ್ತಿ, ತಾಯಿ."

"ಹಾಂ. ಅವರನ್ನು ಪಂಕ್ತಿಯಲ್ಲಿ ಕೂಡಿಸಲಿಲ್ಲ. ಆದರೂ ಅವರು ಏಳಲಿಲ್ಲ."