ಡಿಸೆಂಬರ್‌ನಲ್ಲಿ ಮುಂಡಿಗೆಕೆರೆಗೆ ಹೋದರೆ ಹಕ್ಕಿ ಸಿಗ್ತಾವಾ?

ಪ್ರಶ್ನೆ: ಡಿಸೆಂಬರ್ ಕೊನೆಗೆ ಎರಡು ದಿನ ಶಿರಸಿ, ಕಾರವಾರ ಕಡೆ ಬರ್ತಿದ್ದೇವೆ. ಸೋಂದಾದ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿ ಗೂಡು ನೋಡಬಹುದಾ? 8×42 (8 ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮುಂದಿನ ಲೆನ್ಸಿನ) ಬೈನಾಕ್ಯುಲರ್ ಸಾಕಾ?

ಉತ್ತರ 1: ಆಗ ಗೂಡೆಲ್ಲ ಖಾಲಿ ಮಾರಾಯ್ರೆ. ಅಲ್ಲಿ ಬಾಣಂತನ ಏನಿದ್ದರೂ ಮಳೆಗಾಲದಲ್ಲಿ. ಜೂನ್ ಹೊತ್ತಿಗೆ ಬಂದು ನೀರೊಳಗಿನ ಮುಂಡಿಗೆ (ಕೇದಗೆ ಜಾತಿಯ ಗಿಡ) ಪೊದೆಯ ಮೇಲೆ ಗೂಡು ಕಟ್ತವೆ. ಎಲೆ ಅಂಚಿಗೆಲ್ಲ ಮುಳ್ಳು, ಸುತ್ತ ನೀರು, ಬೆಕ್ಕಿನ ಕಾಟ ಕಡಿಮೆ. ಮರಿ ಹಾರಿತೋ, ಜಾಗ ಬಿಟ್ಟವು. ಚಳಿಗಾಲಕ್ಕೆ ಮುಂಡಗೋಡದ ಅತ್ತಿವೇರಿ ಪಕ್ಷಿಧಾಮವೇ ವಾಸಿ. 8×42 ಧಾರಾಳ ಸಾಕು. 10×50 ಭಾರ, ಕೈಯಲ್ಲಿ ನಡುಗುತ್ತದೆ.

ಉತ್ತರ 2: ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆ ಬಿಡಬೇಡಿ. ಆದರೆ ಮೊದಲು ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿಗೆ ಚದುರಿರ್ತವೆ; ನೀರು ಏರುತ್ತಿದ್ದಂತೆ ದಡದತ್ತ ಸರಿದು ಬರ್ತವೆ. ಬೆಳಿಗ್ಗೆಯಾದರೆ ಪಡುವಣಕ್ಕೆ ಮುಖ ಮಾಡಿ ನಿಲ್ಲಿ, ಬಿಸಿಲು ಬೆನ್ನಿಗಿರಲಿ.

ಅಲ್ಲಿ ಸೀಗಲ್ (ಕಡಲಹಕ್ಕಿ) ಯಾವ ಜಾತಿಯದೆಂದು ಗುರುತಿಸುವುದೇ ಪಂಚಾಯ್ತಿಕೆ. ಚಳಿಗಾಲದಲ್ಲಿ ಕಂದುತಲೆ ಸೀಗಲ್‌ಗೂ ಕಪ್ಪುತಲೆ ಸೀಗಲ್‌ಗೂ ತಲೆ ಬಿಳಿ, ಕಣ್ಣ ಹಿಂದೊಂದು ಕಪ್ಪು ಮಚ್ಚೆ. ಹಾರುವಾಗ ರೆಕ್ಕೆ ತುದಿ ನೋಡಿ: ಅಗಲ ಕಪ್ಪಿನೊಳಗೆ ಬಿಳಿ ಬೊಟ್ಟಿದ್ದರೆ ಕಂದುತಲೆ. ಎಳೆಯವಕ್ಕೆ ಆ ಬೊಟ್ಟಿರುವುದಿಲ್ಲ, ಹೆಚ್ಚಿನವರು ಎಡವುವುದು ಅಲ್ಲೇ.

ಉತ್ತರ 3: ಅಳಿವೆಯಿಂದ ಬಂದ ಮೇಲೆ ಲೆನ್ಸನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಮರಳು ಗೀರುತ್ತದೆ. ಮೊದಲು ಊದಿ, ಆಮೇಲೆ ಒರೆಸಿ.