ಇಬ್ಬರ ಕ್ಯಾಬಿನ್ನೋ, ನಾಲ್ವರದೋ?

ಕಳೆದ ಸಂಚಿಕೆಯಲ್ಲಿ ಶಿವಮೊಗ್ಗದ ಓದುಗರೊಬ್ಬರು ತಮ್ಮ ಗೊಂದಲ ಬರೆದುಕೊಂಡಿದ್ದರು. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮದುವೆಯಾಗಿ 31 ವರ್ಷ. ನಿವೃತ್ತಿಯಲ್ಲಿ ಬಂದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟು, ಜನವರಿಯಲ್ಲಿ ಕೊಚ್ಚಿಯಿಂದ ಹೊರಡುವ ಲಕ್ಷದ್ವೀಪದ ಹಡಗು ಪ್ರವಾಸಕ್ಕೆ ಇಬ್ಬರ ಹೆಸರು ಬರೆಸಿದ್ದರು. ಐದು ದಿನ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. ಅಷ್ಟರಲ್ಲಿ ಯಜಮಾನರು ಇವರನ್ನು ಒಂದು ಮಾತೂ ಕೇಳದೆ ತಮ್ಮ ಅಣ್ಣ ಅತ್ತಿಗೆಯನ್ನೂ ಕರೆದುಬಿಟ್ಟರು. ‘ನಾಲ್ವರ ಕ್ಯಾಬಿನ್ ತಗೊಂಡರೆ ದುಡ್ಡೂ ಉಳಿಯುತ್ತೆ’ ಎಂದರು. ತಂದೆ ಇಲ್ಲದ ಮನೆಯಲ್ಲಿ ಯಜಮಾನರನ್ನು ಓದಿಸಿದ್ದು ಆ ಅಣ್ಣನೇ. ‘ಒಂದೇ ಒಂದು ಸಲ ನಾವಿಬ್ಬರೇ ಹೋಗಬೇಕು ಅಂತ ಆಸೆಪಟ್ಟಿದ್ದು ತಪ್ಪಾ?’ ಎಂದು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಓದಿಸಿ ಮನುಷ್ಯನನ್ನಾಗಿ ಮಾಡಿದ ಅಣ್ಣನಿಗೆ ಐದು ದಿನ ಸಮುದ್ರ ತೋರಿಸೋಕೆ ಇಷ್ಟು ಲೆಕ್ಕಾಚಾರವೇ ತಾಯೀ? ಆ ಹಡಗಿನಲ್ಲಿ ನೂರಾರು ಜನ ಇರುತ್ತಾರೆ. ಅವರೆಲ್ಲರ ಜೊತೆ ಹೋಗಬಹುದು, ಭಾವನ ಜೊತೆ ಮಾತ್ರ ಆಗಲ್ಲ!

— ನಿವೃತ್ತ ಮುಖ್ಯೋಪಾಧ್ಯಾಯ, ಗದಗ

*

ಹೀಗೆ ಗದರಿದವರು ಇನ್ನೂ ಕೆಲವರಿದ್ದಾರೆ. ಒಬ್ಬರದು ಹಾಕಿದರೆ ಸಾಕೆನಿಸಿತು. ಮುಂದಿನದು ದೊಡ್ಡ ಪತ್ರ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

*

ನಿಮ್ಮ ಪತ್ರದಲ್ಲಿ ಬರುವ ಆ ಓರಗಿತ್ತಿ ನಾನೇ. ಅಂದರೆ ನಿಮ್ಮ ಮನೆಯವಳಲ್ಲ, ಇನ್ನೊಂದು ಮನೆಯವಳು. ಆದರೆ ಓದುತ್ತಾ ಓದುತ್ತಾ ಕೈ ನಡುಗಿತು.

2018ರ ಜನವರಿಯಲ್ಲಿ ನನ್ನ ಮೈದುನ ಇದೇ ಪ್ರವಾಸಕ್ಕೆ ನಮ್ಮನ್ನು ಕರೆದ. ನಮ್ಮವರಿಗೆ ಖುಷಿಯೋ ಖುಷಿ. ಕುಮಟಾ ಪೇಟೆಗೆ ಹೋಗಿ ಇಬ್ಬರಿಗೂ ಟೊಪ್ಪಿ ತಂದರು. ನಾನು ಅವಲಕ್ಕಿ ಹುರಿದೆ, ಚಕ್ಕುಲಿ ಕರಿದೆ, ನಾಲ್ಕು ಜನಕ್ಕೆ ಆಗುವಷ್ಟು. ಕ್ಯಾಬಿನ್ನಿನಲ್ಲಿ ಕೆಳಗೆ ಎರಡು ಹಾಸಿಗೆ, ಮೇಲೆ ಎರಡು. ‘ಅಕ್ಕ, ನೀವು ಕೆಳಗೆ ಮಲಗಿ’ ಅಂತ ಓರಗಿತ್ತಿ ತಾನೇ ಮೇಲೆ ಹತ್ತಿದಳು. ಒಳ್ಳೆಯ ಹುಡುಗಿ. ಅವತ್ತೂ ಒಳ್ಳೆಯವಳೇ, ಇವತ್ತೂ ಒಳ್ಳೆಯವಳೇ.

ಕವರತ್ತಿಯಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂತು ಮೀನು ನೋಡಿದೆವು. ನಾನು ಬಾಯಿ ಮುಚ್ಚಲೇ ಇಲ್ಲ. ಅದು ನೋಡು, ಇದು ನೋಡು ಅಂತ. ಕಲ್ಪೇನಿಯಲ್ಲಿ ಮೊಣಕಾಲುದ್ದದ ನೀರು, ನಿಂತರೆ ಕಾಲಿನ ಉಗುರು ಕಾಣುತ್ತೆ. ಅಲ್ಲಿ ತೆಗೆದ ಒಂದೊಂದು ಫೋಟೋದಲ್ಲೂ ನಾಲ್ಕು ಜನ. ‘ನೀವಿಬ್ಬರೇ ನಿಲ್ಲಿ, ತೆಗೀತೀನಿ’ ಅಂತ ಆ ಮಕ್ಕಳಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು ಅಲ್ವಾ?

ಮಿನಿಕಾಯ್‌ಗೆ ಹೋಗುವ ರಾತ್ರಿ ನಿದ್ದೆ ಬರಲಿಲ್ಲ. ಗಾಳಿಗೆ ಅಂತ ಡೆಕ್ಕಿಗೆ ಹೋದೆ. ಕತ್ತಲಲ್ಲಿ ಅವರಿಬ್ಬರೂ ನಿಂತಿದ್ದರು. ‘ನಾನು ಕೇಳಿದ್ದು ಒಂದೇ ಒಂದು’ ಅಂತ ಅವಳ ದನಿ. ‘ಅಣ್ಣ ಬೇಜಾರು ಮಾಡ್ಕೋತಾನೆ, ಏನು ಮಾಡಲಿ ಹೇಳು’ ಅಂತ ಅವನದು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಅವಳು ಬಂದು ಮೇಲೆ ಹತ್ತಿದ್ದು ಗೊತ್ತಾಯಿತು. ಬೆಳಗಿನವರೆಗೂ ಇಬ್ಬರೂ ಎಚ್ಚರ, ಇಬ್ಬರೂ ನಿದ್ದೆ ಬಂದವರ ಹಾಗೆ.

ಮಿನಿಕಾಯ್‌ನಲ್ಲಿ ಬ್ರಿಟಿಷರು 1885ರಲ್ಲಿ ಕಟ್ಟಿಸಿದ ದೀಪಸ್ತಂಭ ಇದೆ. ಒಳಗೆ ಸುತ್ತುವ ಮೆಟ್ಟಿಲು. ನನಗೆ ಮಂಡಿನೋವು ಅಂದೆ. ನಮ್ಮವರನ್ನೂ ತೆಂಗಿನ ಮರದ ಕೆಳಗೆ ಹಿಡಿದು ಕೂರಿಸಿಕೊಂಡೆ. ಅವರಿಬ್ಬರೇ ಹತ್ತಲಿ, ಮೇಲಿಂದ ಇಡೀ ದ್ವೀಪ ನೋಡಲಿ ಅಂತ. ಸ್ವಲ್ಪ ಹೊತ್ತಿಗೇ ಇಳಿದು ಬಂದರು. ‘ಅಕ್ಕ, ನೀವು ಇಲ್ಲೇ ಕೂತಿದ್ದೀರಲ್ಲಾ ಅಂತ ಬೇಗ ಬಂದೆವು’ ಅಂದಳು.

ಅವತ್ತು ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಅಲ್ಲಿಂದ ಈಚೆಗೆ ಯಾರು ಎಲ್ಲಿಗೆ ಕರೆದರೂ ಮಂಡಿನೋವು ಅನ್ನುತ್ತೇನೆ. ನಮ್ಮವರು 2021ರಲ್ಲಿ ಹೋದರು. ಅವರಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ನಾಲ್ಕು ಜನರ ಆ ಫೋಟೋ ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ‘ನನ್ನ ತಮ್ಮ ಕರ್ಕೊಂಡು ಹೋಗಿದ್ದ’ ಅಂತ ತೋರಿಸುತ್ತಿದ್ದರು. ಫೋಟೋ ಈಗಲೂ ಅಲ್ಲೇ ಇದೆ. ನಾನು ತೆಗೆಯೋದಿಲ್ಲ.

ನಿಮ್ಮ ಭಾವನನ್ನು ಕರೆದುಕೊಂಡು ಹೋಗಿ ಅಂತ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಮನಸ್ಸಿಲ್ಲದೆ ಕರೆದುಕೊಂಡು ಹೋಗಬೇಡಿ. ಈಗಲೇ ಹೇಳಿದರೆ ಅವರಿಗೆ ಎರಡು ದಿನ ಬೇಜಾರು. ಹಡಗಿನಲ್ಲಿ ಗೊತ್ತಾದರೆ ಎದ್ದು ಹೋಗೋಕೆ ಜಾಗ ಇರಲ್ಲ.

— ಹೆಸರು ಬೇಡ, ಕುಮಟಾ

*

ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪ್ರವಾಸವನ್ನೇ ಹಿಡಿದುಕೊಂಡವರೂ ಇದ್ದಾರೆ. ಅದರಲ್ಲೂ ಒಂದು ಉತ್ತರ ಅಡಗಿರಬಹುದು.

*

ಯಾರು ಹೋಗಬೇಕು ಅನ್ನೋದು ಆಮೇಲೆ. ಪರ್ಮಿಟ್ ಆಯಿತಾ? ಲಕ್ಷದ್ವೀಪಕ್ಕೆ ಪ್ರವೇಶ ಪರ್ಮಿಟ್ ಬೇಕೇ ಬೇಕು. ಯಾರು ಬರುತ್ತಾರೆ ಅಂತ ಕೊನೆ ಗಳಿಗೆಯವರೆಗೂ ಎಳೆದಾಡುತ್ತಾ ಕೂತರೆ ನಾಲ್ವರೂ ಮನೆಯಲ್ಲೇ.

ನಾನು 22 ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವನು. ನಿಮ್ಮ ಭಾವನ ವಯಸ್ಸೆಷ್ಟು ಬರೆದಿಲ್ಲ. ಅದು ಮುಖ್ಯ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳ ಇಲ್ಲದ ನೀರು. ಹಾಗಾಗಿ ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ನಿಲ್ಲುತ್ತೆ. ಲೈಫ್ ಜಾಕೆಟ್ ಹಾಕಿಕೊಂಡು ಸಣ್ಣ ಬೋಟಿಗೆ ಇಳಿಯಬೇಕು. ಬೋಟು ಅಲೆಗೆ ಮೇಲೆ ಕೆಳಗೆ ಆಡುತ್ತಿರುತ್ತೆ. ಸಿಬ್ಬಂದಿ ಕೈ ಹಿಡಿಯುತ್ತಾರೆ, ಆದರೆ ಕಾಲು ಇಡಬೇಕಾದವರು ನೀವೇ. ಮೂರು ದ್ವೀಪ ಅಂದರೆ ಮೂರು ಸಲ ಇಳಿಯೋದು, ಮೂರು ಸಲ ಹತ್ತೋದು. ಮಂಡಿ ಸರಿ ಇಲ್ಲದವರು ಡಾಕ್ಟರನ್ನು ಕೇಳಿ ಹೊರಡಲಿ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ. ಆದರೂ ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿ, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ನಡುಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ, ಅಲ್ಲಿ ತೂಗಾಟ ಕಡಿಮೆ. ದಡದಿಂದ ಹವಳದ ಚೂರು ಹೆಕ್ಕಿ ತರಬೇಡಿ, ಕಾನೂನು ಬಿಡಲ್ಲ. ಬಂಗಾರಂ ದ್ವೀಪ ಬಿಟ್ಟರೆ ಮದ್ಯ ನಿಷೇಧ. ನಿಮಗೆ ಬೇಡದಿರಬಹುದು, ನಿಮ್ಮ ಭಾವನಿಗೆ ಮೊದಲೇ ತಿಳಿದಿರಲಿ.

ಇನ್ನೊಂದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿಟ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರು ತಂದು ಮಂಗಳೂರು ಬಂದರಿನಿಂದ ಅಕ್ಕಿ ಒಯ್ಯುತ್ತಿದ್ದರು. ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಗೊತ್ತು.

— ಬೋಳಾರ, ಮಂಗಳೂರು

*

ದುಡ್ಡು ನಿಮ್ಮದು. ಇಬ್ಬರ ಕ್ಯಾಬಿನ್. ಅಣ್ಣನ ಋಣ ತೀರಿಸೋಕೆ ಇನ್ನೊಂದು ಕ್ಯಾಬಿನ್ ಬೇಕಿದ್ದರೆ ನಿಮ್ಮ ಯಜಮಾನರು ತಮ್ಮ ದುಡ್ಡಲ್ಲಿ ಮಾಡಲಿ, ಬೇರೆ ತಿಂಗಳಲ್ಲಿ.

— ರಾಜಾಜಿನಗರ, ಬೆಂಗಳೂರು

*

ಗಂಡಸರು ಬರೆದದ್ದು ಕಡಿಮೆ, ಗಂಡನಾಗಿ ಬರೆದದ್ದು ಇನ್ನೂ ಕಡಿಮೆ. ಶಿವಮೊಗ್ಗದ ಆ ಮನೆಯಲ್ಲಿ ಈ ಪತ್ರವನ್ನು ಇಬ್ಬರೂ ಓದಲಿ ಎಂಬುದು ನಮ್ಮ ಆಸೆ.

*

ನಾನೂ ಹೀಗೇ ಮಾಡಿದ್ದೆ. ಅಂಡಮಾನ್‌ಗೆ ಹೊರಟಾಗ ತಮ್ಮನ ಸಂಸಾರವನ್ನು ಸೇರಿಸಿಕೊಂಡೆ. ಯಾಕೆ ಅಂತ ಹೆಂಡತಿ ಕೇಳಿದಳು. ಟ್ಯಾಕ್ಸಿ ಖರ್ಚು ಹಂಚಿ ಹೋಗುತ್ತೆ ಅಂದೆ. ಸುಳ್ಳು. ಮನೆಯಲ್ಲಿ ನಾವು ಮಾತಾಡೋದು ಹಾಲಿನ ಲೆಕ್ಕ, ಗ್ಯಾಸು, ಮಗಳ ಫೋನು, ಇಷ್ಟೇ. ಇವು ಮೂರೂ ಇಲ್ಲದ ಜಾಗದಲ್ಲಿ ಅವಳ ಎದುರು ಸುಮ್ನೆ ಕೂತು ಏನು ಮಾಡೋದು ಅಂತ ನನಗೆ ಹೆದರಿಕೆ ಇತ್ತು. ಅದನ್ನು ಬಾಯಿಬಿಟ್ಟು ಹೇಳೋಕೆ ನಾಚಿಕೆ.

ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕ್‌ಗೆ ಹೋಗುವಾಗ ಫೆರಿ ಜೋರಾಗಿ ತೂಗಿತು. ತಮ್ಮನ ಮನೆಯವರೆಲ್ಲ ಕವರ್ ಹಿಡಿದು ಕೂತರು. ನಾವಿಬ್ಬರು ಮಾತ್ರ ಗಟ್ಟಿ. ಅವಳು ಕಿಟಕಿ ನೋಡುತ್ತಾ, ‘ಮದುವೆಯಾದ ಹೊಸದರಲ್ಲಿ ಸಿಳ್ಳೆ ಹಾಕ್ತಿದ್ರಲ್ಲ, ಯಾವಾಗ ಬಿಟ್ಟಿರಿ?’ ಅಂದಳು. ನನಗೆ ನೆನಪಿರಲಿಲ್ಲ. ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು. ಜೆಟ್ಟಿ ಬಂದಾಗ, ಅಯ್ಯೋ ಇಷ್ಟು ಬೇಗವಾ ಅನ್ನಿಸಿತು.

ನಿಮ್ಮ ಯಜಮಾನರನ್ನು ದುಡ್ಡಿನ ವಿಷಯ ಕೇಳಬೇಡಿ ಮೇಡಂ. ‘ನನ್ನ ಜೊತೆ ಒಬ್ಬರೇ ಬರೋಕೆ ಭಯವಾ?’ ಅಂತ ಕೇಳಿ ನೋಡಿ.

— ಕುವೆಂಪುನಗರ, ಮೈಸೂರು

*

ಈ ಪುಟ ಅಚ್ಚಿಗೆ ಹೋಗುವ ಮೊದಲು ಶಿವಮೊಗ್ಗದ ಓದುಗರು ನಮಗೆ ಫೋನ್ ಮಾಡಿದ್ದರು. ಏನು ತೀರ್ಮಾನವಾಯಿತು ಎಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ. ಈ ಸಂಚಿಕೆಯ ಎರಡು ಪ್ರತಿ ಕಳಿಸಿ ಎಂದರು. ಕಳಿಸಿದ್ದೇವೆ.