ಅಪ್‌ಡೇಟ್: ನಮ್ಮ ಪಶು ಆಸ್ಪತ್ರೆಯ ತಂಡ ಈಗ ಹೇಗಿದೆ

ಕಾಲುಬಾಯಿ ಜ್ವರದ ಲಸಿಕಾ ಅಭಿಯಾನದ ನಡುವೆ ನಮ್ಮ ಪಶು ಆಸ್ಪತ್ರೆಯ ಐವರೂ ಪರಸ್ಪರ ಮುಖ ತಿರುಗಿಸುವಷ್ಟು ದಣಿದಿದ್ದೇವೆ, ತಂಡದ ಉತ್ಸಾಹ ಉಳಿಸುವುದು ಹೇಗೆ ಎಂದು ಮೂರು ತಿಂಗಳ ಹಿಂದೆ ನಿಮ್ಮನ್ನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನೀವು ಸೂಚಿಸಿದಂತೆ ಮೊದಲು ರಾತ್ರಿ ಕರೆಗಳಿಗೆ ಸರದಿ ನಿಗದಿಪಡಿಸಿದೆವು. 1962 ಸಹಾಯವಾಣಿಯ ಸಂಚಾರಿ ಚಿಕಿತ್ಸಾ ವಾಹನ ಇದ್ದರೂ, ಹೆರಿಗೆಯಲ್ಲಿ ಕರು ಅಡ್ಡವಾದಾಗ ರೈತರು ಪರಿಚಯದ ವೈದ್ಯರಿಗೇ ಫೋನ್ ಮಾಡುವುದು ಸಹಜ; ಈಗ ಸರದಿಯಲ್ಲಿಲ್ಲದವರು ಕರೆಯನ್ನು ಸರದಿಯವರಿಗೆ ದಾಟಿಸಿ ಮಲಗುತ್ತಾರೆ. ನಿದ್ದೆ ಸಿಕ್ಕಿದ್ದರಿಂದಲೇ ಅರ್ಧ ಸಿಡುಕು ಇಳಿಯಿತೆಂದು ನನಗನಿಸುತ್ತದೆ.

ಆದರೆ ಹೊರೆಗಿಂತ ಆಳದಲ್ಲಿದ್ದ ನೋವು ಬೇರೆಯೇ ಆಗಿತ್ತು. 2022ರ ಚರ್ಮಗಂಟು ರೋಗದಲ್ಲಿ ನಮ್ಮ ಕಣ್ಣೆದುರೇ ಸತ್ತ ದನಗಳ ಬಗ್ಗೆ ನಾವು ಒಮ್ಮೆಯೂ ಮಾತನಾಡಿಕೊಂಡಿರಲಿಲ್ಲ. ಕಳೆದ ತಿಂಗಳು, ಕರು ಹಾಕಿದ ಮರುದಿನ ಹಾಲುಜ್ವರದಿಂದ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು, ನೆಲ ಹಿಡಿದಿದ್ದ ಹಸುವೊಂದು ಕ್ಯಾಲ್ಸಿಯಂ ಏರಿಸುತ್ತಿರುವಾಗಲೇ ಕೊನೆಯುಸಿರೆಳೆಯಿತು. ಮರಳಿ ಬಂದ ನಮ್ಮ ಹಿರಿಯ ಪಶುವೈದ್ಯಕೀಯ ಪರೀಕ್ಷಕರು ಗಂಬೂಟನ್ನೂ ಕಳಚದೆ ಮೆಟ್ಟಿಲ ಮೇಲೆ ಕುಳಿತು, “ಹಸು ಕಳ್ಕೊಂಡ ಆ ಅಜ್ಜಿನೇ ನನಗೆ ನೀರು ಕೊಟ್ಟು ಸಮಾಧಾನ ಮಾಡಿದ್ರು ಸರ್” ಎಂದು ಅತ್ತುಬಿಟ್ಟರು. ಅಂದು ಎಲ್ಲರೂ ಅವರ ಪಕ್ಕದಲ್ಲಿ ಕುಳಿತೆವು. ಅಂದಿನಿಂದ ಪ್ರತಿ ಸಂಜೆ, ಲಸಿಕೆಯ ಪೆಟ್ಟಿಗೆಗಳನ್ನು ತೊಳೆದಿಟ್ಟ ಮೇಲೆ, ಚಹಾ ಕುಡಿಯುತ್ತ ಹತ್ತು ನಿಮಿಷ ಉಳಿದ ಜೀವದ ಸುದ್ದಿಯನ್ನೂ ಉಳಿಯದ ಜೀವದ ದುಃಖವನ್ನೂ ಹಂಚಿಕೊಳ್ಳುತ್ತೇವೆ. ತಪ್ಪು ಯಾರದೆಂಬ ಚರ್ಚೆಗೆ ಅಲ್ಲಿ ಅವಕಾಶವಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಖಾಲಿ ಇರುವ ಹುದ್ದೆ ಇನ್ನೂ ತುಂಬಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಔಷಧ ದಾಸ್ತಾನು ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ಮೊದಲು ಕರೆ ಮಾಡಿದವನು ನಾನೇ.